ಹಳೇಮನೆ ಬಳಗದಲ್ಲಿ ಒಂದು ಎಕ್ಸರೇ

ರಾಜಣ್ಣ ಚಿಕ್ಕಪ್ಪ: (ಫಾರ್ವರ್ಡ್) ಎಚ್ಚರ! ಮಾತ್ರೆ ಮುಗಿಸಿದರೂ ಕುಷ್ಠದ ಹುಳು ಒಳಗೇ ಉಳಿದು ಕಾಲಿನ ಮೂಳೆ ತಿನ್ನುತ್ತದೆ! ಎಕ್ಸರೇ ನೋಡಿ. ಹತ್ತು ಜನರಿಗೆ ಕಳುಹಿಸಿ.

ಪ್ರಕಾಶ: ಯಾವ ಆಸ್ಪತ್ರೆಯದು? ಯಾವ ವರ್ಷದ್ದು? ಮೂಲ ಕೊಡಿ.

ರಾಜಣ್ಣ ಚಿಕ್ಕಪ್ಪ: ಬೆಳ್ಳುಳ್ಳಿ ಕಷಾಯದ ವಿಡಿಯೊ ಹಾಕಿದಾಗ ನೀನು ಯಾವ ಮೂಲ ಕೊಟ್ಟಿದ್ದೆ?

ವಿಶಾಲಾ ಅತ್ತೆ: ಎಲ್ಲವೂ ಪೂರ್ವಜನ್ಮದ ಕರ್ಮ. ಹಿರಿಯರಿಗೆ ಎದುರುತ್ತರ ಕೊಡುವುದೂ ಅದೇ ಲೆಕ್ಕಕ್ಕೆ ಜಮಾ.

ಸುಧಾ: ಕರ್ಮವಲ್ಲ ಅತ್ತೆ, ನರ. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಬೆರಳುಗಳ ಹಿಂದಿನ ಉದ್ದ ಮೂಳೆಗಳು ಚೂಪು ಮಾಡಿದ ಪೆನ್ಸಿಲ್‌ನಂತೆ ಸವೆದಿವೆ. ಹುಳು ತಿಂದದ್ದಲ್ಲ. ಅಂಗಾಲಿನ ಸ್ಪರ್ಶ ಸತ್ತವರು ಮುಳ್ಳು ಚುಚ್ಚಿದರೂ ಕುಂಟದೆ ನಡೆಯುತ್ತಾರೆ. ಹುಣ್ಣಾಗುತ್ತದೆ, ಕೀವಾಗುತ್ತದೆ, ಮಾಗಿದ ಜಾಗದಲ್ಲೇ ಮತ್ತೆ ಹುಣ್ಣು. ಹೀಗೆ ವರ್ಷಗಟ್ಟಲೆ ನಡೆದು ಮೂಳೆ ಕರಗುತ್ತದೆ. 6 ಅಥವಾ 12 ತಿಂಗಳ ಔಷಧ ರೋಗಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಬದುಕಿಸುವುದಿಲ್ಲ. ಔಷಧ ಮುಗಿಸಿದವರಿಂದ ಯಾರಿಗೂ ಅಂಟುವುದೂ ಇಲ್ಲ.

ರಾಜಣ್ಣ ಚಿಕ್ಕಪ್ಪ: ನೀನೇನು ಡಾಕ್ಟರೇ?

ಸುಧಾ: ಅಲ್ಲ, ಎಕ್ಸರೇ ತೆಗೆಯುವವಳು. ಪಾದ ಊದಿ ಬಿಸಿಯಾಗಿ ಬಂದರೆ, ಕೀಲು ಕುಸಿದಿದೆಯೋ ಮೂಳೆಗೆ ಸೋಂಕು ಇಳಿದಿದೆಯೋ ಎಂದು ಎಕ್ಸರೇಯಲ್ಲಿ ಬೇಗ ತಿಳಿಯುವುದಿಲ್ಲ. ಡಾಕ್ಟರೇ ಎಂಆರ್‌ಐ ಬರೆದುಕೊಡುತ್ತಾರೆ. ಹುಣ್ಣಿನಿಂದ ಮೂಳೆಯವರೆಗೆ ಕೀವಿನ ದಾರಿ ಕಂಡರೆ ಸೋಂಕಿನ ಅನುಮಾನ ಬಲವಾಗುತ್ತದೆ.

ಗುರು: ಅಡಿಕೆ ಸುಲಿಯಲು ಬರುತ್ತಿದ್ದ ತಿಮ್ಮಪ್ಪ ನೆನಪಿದ್ದಾನೆಯೇ? ಒಮ್ಮೆ ಬಚ್ಚಲೊಲೆಯ ಕೆಂಡ ಮೆಟ್ಟಿ ನಿಂತಿದ್ದ. ಸುಟ್ಟ ವಾಸನೆ ಬಂದು ಅಜ್ಜಿ ಕೂಗಿದ ಮೇಲೆಯೇ ಕಾಲೆತ್ತಿದ್ದು. ಆಸ್ಪತ್ರೆಯವರು ಕೊಟ್ಟ ಮೆತ್ತನೆಯ ಕಪ್ಪು ರಬ್ಬರಿನ ಚಪ್ಪಲಿ ಮಳೆಯಲ್ಲಿ ಹಾಳಾದೀತೆಂದು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ಬರುತ್ತಿದ್ದ! ಆಹಾ, ಆ ಮಳೆ, ಅಜ್ಜಿಯ ಹಲಸಿನ ಹಪ್ಪಳ...

ಪ್ರಕಾಶ: ಹಪ್ಪಳ ಇರಲಿ. ಅವನ ಲೋಟವನ್ನು ಬೇರೆಯಾಗಿ ಸೂರಿಗೆ ಸಿಕ್ಕಿಸಿಟ್ಟವರು ಯಾರು?

ವಿಶಾಲಾ ಅತ್ತೆ: ನಾನಲ್ಲ. ರಾಜಣ್ಣನ ಮದುವೆಯಾದ ಮೇಲೆ ಶುರುವಾದದ್ದು.

ರಾಜಣ್ಣ ಚಿಕ್ಕಪ್ಪ: ಅಕ್ಕ, ನನ್ನ ಹೆಂಡತಿಯ ಸುದ್ದಿಗೆ ಬರಬೇಡ. ನಮ್ಮ ಗೃಹಪ್ರವೇಶಕ್ಕೆ ಮೊಣಕಾಲು ನೋವೆಂದವಳು ಮಾರನೆಯ ವಾರವೇ ತಿರುಪತಿ ಬೆಟ್ಟ ಹತ್ತಿದೆ!

ಸುಧಾ: ಆ ಲೋಟ ಈಗ ನಮ್ಮ ಮನೆಯಲ್ಲಿದೆ. ದಿನವೂ ಅದರಲ್ಲೇ ಕಾಫಿ ಕುಡಿಯುತ್ತೇನೆ.

ವಿಶಾಲಾ ಅತ್ತೆ: ಹಿತ್ತಾಳೆಯದೇ? ಅದು ಅಮ್ಮನದು, ನನ್ನ ಪಾಲಿಗೆ ಬಂದದ್ದು. ನಿಮ್ಮ ಮನೆಗೆ ಹೇಗೆ ಹೋಯಿತು?