ಸೊಂಟನೋವಿಗೆ ಸೈಕಾಲಜಿಸ್ಟ್ ಯಾಕೆ?

ಪ್ರಶ್ನೆ: ಮೇಡಂ, ಎರಡು ವರ್ಷದಿಂದ ಸೊಂಟನೋವು. ಎಂಆರ್‌ಐನಲ್ಲಿ ಅಂಥದ್ದೇನೂ ಕಾಣಲಿಲ್ಲ. ಈಗ ಡಾಕ್ಟರು ಸೈಕಾಲಜಿಸ್ಟ್ ಹತ್ತಿರ ಹೋಗಿ ಅನ್ನುತ್ತಿದ್ದಾರೆ. ಅಂದರೆ ನನ್ನ ನೋವು ಬರೀ ಭ್ರಮೆಯಾ?

ಉತ್ತರ (ಸೈಕಾಲಜಿಸ್ಟ್): ಅಲ್ಲವೇ ಅಲ್ಲ. ಸ್ಕ್ಯಾನಿನಲ್ಲಿ ಮೂಳೆ, ಡಿಸ್ಕ್ ಕಾಣುತ್ತವೆ. ನೋವು ಕಾಣುವುದಿಲ್ಲ. 3 ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಅನ್ನುತ್ತೇವೆ. ಪೆಟ್ಟು ವಾಸಿಯಾದರೂ ನರಗಳು ಎಚ್ಚರಿಕೆ ಕೊಡುತ್ತಲೇ ಇರಬಹುದು. ನಿದ್ದೆಗೆಟ್ಟರೆ, ಹೆದರಿಕೆಯಾದರೆ ಅದು ಇನ್ನೂ ಜಾಸ್ತಿ. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಗೇಟ್ ಇದೆ, ಅದರ ಮೇಲೆ ಮಿದುಳಿಗೂ ಹಿಡಿತ ಇದೆ ಅಂತ 1965ರಲ್ಲೇ ಮೆಲ್ಜಾಕ್ ಮತ್ತು ವಾಲ್ ಅನ್ನುವ ಸಂಶೋಧಕರು ಹೇಳಿದ್ದರು. ಅದರ ವಿವರಗಳು ಆಮೇಲೆ ಬದಲಾದವು. ಮಿದುಳಿನ ಪಾಲು ಇದೆ ಅನ್ನುವುದು ಬದಲಾಗಲಿಲ್ಲ.

ಪ್ರಶ್ನೆ: ಸರಿ. ಆದರೆ ಸುಮ್ನೆ ಕೂತು ಮಾತಾಡಿದರೆ ನೋವು ಹೋಗುತ್ತಾ?

ಉತ್ತರ: ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಹೆಚ್ಚು ಬಳಕೆಯಲ್ಲಿರುವುದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಚಿಕಿತ್ಸೆ. ಅದರಿಂದ ನೋವು ಇಳಿಯುವುದು ಸರಾಸರಿ ಸ್ವಲ್ಪವೇ. ನಾವು ಗುರಿ ಇಡುವುದು ನೋವು ಕಿತ್ತುಕೊಂಡ ಬದುಕಿನ ಮೇಲೆ.

ನೋವು ಕಡಿಮೆ ಇದ್ದ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮಾಡಿ, ಮುಂದಿನ ಎರಡು ದಿನ ಹಾಸಿಗೆ ಹಿಡಿಯುತ್ತೀರಿ, ಅಲ್ವಾ? ಹೆಚ್ಚಿನವರು ಹೀಗೇ. ಮೊದಲು ಇದನ್ನು ಬಿಡಿಸುತ್ತೇವೆ. 20 ನಿಮಿಷ ನಿಂತರೆ ನೋವು ಕೆರಳುತ್ತದಾ? 15ಕ್ಕೇ ಕೂತುಬಿಡಿ. ಆರಾಮಾಗಿರುವ ದಿನವೂ ಅಷ್ಟೇ! ಕಷ್ಟ ಅಲ್ಲೇ ಇರುವುದು. ಯಾವಾಗ ನಿಲ್ಲಿಸಬೇಕು ಅಂತ ನೋವು ಹೇಳಬಾರದು, ಗಡಿಯಾರ ಹೇಳಬೇಕು. ಅದು ರೂಢಿಯಾದ ಮೇಲೆ ಒಂದೆರಡು ನಿಮಿಷದಂತೆ ಏರಿಸುತ್ತಾ ಹೋಗುವುದು.

ಇನ್ನೊಂದು, ಹೆದರಿಕೆ. ಬಗ್ಗಿದರೆ ಡಿಸ್ಕ್ ಜಾರುತ್ತದೆ ಅಂತ ಬಗ್ಗುವುದನ್ನೇ ಬಿಟ್ಟವರಿದ್ದಾರೆ. ಮೈ ಬಿಗಿಯಾಗುತ್ತದೆ, ಶಕ್ತಿ ಕುಂದುತ್ತದೆ, ಆಮೇಲೆ ಸ್ವಲ್ಪ ಬಗ್ಗಿದರೂ ನೋವು. ಅದಕ್ಕೆ ಫಿಸಿಯೋಥೆರಪಿಸ್ಟ್ ಜೊತೆ ಸೇರಿ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತೇವೆ. ಏನೂ ಆಗಲಿಲ್ಲ ಅನ್ನುವುದು ನಿಮಗೇ ಗೊತ್ತಾಗಬೇಕು. ನಾನು ನೂರು ಸಲ ಹೇಳಿದರೆ ಪ್ರಯೋಜನವಿಲ್ಲ.

ಇನ್ನೊಬ್ಬರ ಪ್ರಶ್ನೆ: ಥೆರಪಿ ಶುರುವಾದ ಮೇಲೆ ಮಾತ್ರೆ ಬಿಡಬಹುದಾ ಮೇಡಂ?

ಉತ್ತರ: ನೀವಾಗಿ ಬಿಡಬೇಡಿ. ಕೆಲವು ಮಾತ್ರೆಗಳನ್ನು ನಿಧಾನವಾಗಿ ಇಳಿಸಬೇಕು, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಸೊಂಟನೋವಿನ ಜೊತೆ ಕಾಲಲ್ಲಿ ಬಲ ಕುಂದಿದರೆ, ತೊಡೆಸಂದಿಯಲ್ಲಿ ಜೋಮು ಬಂದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಥೆರಪಿಯ ದಿನಕ್ಕೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.