ಜುಲೈಯಲ್ಲಿ ವೆಲಿಗಾಮ: ಆ್ಯಪ್‌ನಲ್ಲಿ 1.8 ಮೀಟರ್, ನೀರಿನಲ್ಲಿ ಬರೀ ನೊರೆ

ಮುಕ್ಕ_ಕಡಲು: ಸರ್ಫಿಂಗಿಗೆ ಅಂತ ಶ್ರೀಲಂಕಾದ ವೆಲಿಗಾಮಕ್ಕೆ ಬಂದದ್ದು, ಇನ್ನು ಆರು ದಿನ ಉಂಟು. ಫೋಟೋದಲ್ಲಿದ್ದ ಉದ್ದ, ನಯವಾದ ಅಲೆ ಇಲ್ಲಿ ಇಲ್ಲವೇ ಇಲ್ಲ. ಅಲೆಯ ಮುನ್ಸೂಚನೆಯ ಆ್ಯಪ್ ತೋರಿಸುದು 1.8 ಮೀಟರ್, 8 ಸೆಕೆಂಡ್, ನೈರುತ್ಯ ಗಾಳಿ 20 ನಾಟ್. ಅಲೆ ಇಡೀ ಸಾಲಾಗಿ ಒಮ್ಮೆಲೇ ಮಗುಚಿ ಬೀಳ್ತದೆ. ಬಾಡಿಗೆಗೆ ಸಿಕ್ಕಿದ್ದು 6 ಅಡಿ 2 ಇಂಚಿನ ಗಟ್ಟಿ ಬೋರ್ಡ್. ಮಂಗಳೂರಿನ ಹತ್ತಿರದ ಸಸಿಹಿತ್ಲುವಿನಲ್ಲಿ ಕಲಿತದ್ದು 8 ಅಡಿಯ ಫೋಮ್ ಬೋರ್ಡಿನಲ್ಲಿ. ತೂಕ 74 ಕೆಜಿ. ತಪ್ಪು ಬೋರ್ಡಿನದ್ದಾ, ಜಾಗದ್ದಾ?

ಅಳಿವೆಬಾಗಿಲು: ಎರಡರದ್ದೂ, ಆದರೆ ಮೊದಲು ಜಾಗದ್ದು. ಬೋಟುಗಳು ದಕ್ಕೆ ಬಿಡದ ಈ ತಿಂಗಳಲ್ಲಿ ಪಣಂಬೂರಿಗೆ ಬಡಿಯುವ ನೈರುತ್ಯ ಮಾರುತವೇ ವೆಲಿಗಾಮಕ್ಕೂ ಬಡಿಯುದು ಮಾರಾಯ್ರೆ. ಅಲ್ಲಿಯ ಸೀಸನ್ ನವೆಂಬರಿನಿಂದ ಏಪ್ರಿಲ್. ನೀವು ಕಂಡ ಫೋಟೋಗಳೂ ಆವಾಗಿನವೇ ಇರಬೇಕು.

ಆ್ಯಪ್‌ನಲ್ಲಿ ಎತ್ತರದ ಪಕ್ಕದ ಸೆಕೆಂಡ್ ನೋಡಿ, ಅಂದರೆ ಒಂದು ಅಲೆಯ ಹಿಂದೆ ಇನ್ನೊಂದು ಬರಲು ಹಿಡಿಯುವ ಸಮಯ. ಆಳ ನೀರಿನಲ್ಲಿ ಅಲೆಯ ಉದ್ದ ಸುಮಾರು 1.56 × ಸೆಕೆಂಡಿನ ವರ್ಗ. 8 ಸೆಕೆಂಡಿಗೆ 100 ಮೀಟರ್, 14 ಸೆಕೆಂಡಿಗೆ 306. ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ತಳ ತಾಗಲು ಶುರು. 14 ಸೆಕೆಂಡಿನ ಸ್ವೆಲ್ (ದೂರದ ಕಡಲಿನಿಂದ ಬರುವ ಅಲೆ) 150 ಮೀಟರ್ ಆಳದಿಂದಲೇ ಬಾಗುತ್ತಾ, ಸಾಲು ಕಟ್ಟಿಕೊಂಡು ಬರ್ತದೆ. 8 ಸೆಕೆಂಡಿನದ್ದು ಪಕ್ಕದಲ್ಲೇ ಗಾಳಿ ಎಬ್ಬಿಸಿದ ಗಲಿಬಿಲಿ. ಅದರ ಮೇಲೆ ದಡಕ್ಕೆ ಬೀಸುವ ಗಾಳಿ ಸೇರಿದರೆ ಕೇಳುವುದೇ ಬೇಡ.

ಮೂಡು ಕರಾವಳಿಯ ಅರುಗಂ ಬೇಗೆ ಹೋಗಿ. ಅಲ್ಲಿ ಮೇಯಿಂದ ಸೆಪ್ಟೆಂಬರ್ ಸೀಸನ್, ಇದೇ ಗಾಳಿ ದ್ವೀಪ ದಾಟಿ ನೆಲದ ಕಡೆಯಿಂದ ಬೀಸ್ತದೆ, ಅಲೆಯ ಮುಖ ನಯ ಆಗ್ತದೆ. ಆದರೆ ಬೆಳಿಗ್ಗೆ ಮಾತ್ರ. ಹತ್ತು ಗಂಟೆ ಸುಮಾರಿಗೆ ಕಡಲ ಗಾಳಿ ಏಳ್ತದೆ, ಹಾಗಾಗಿ ಬೆಳಕು ಹರಿಯುವಾಗಲೇ ನೀರಿನಲ್ಲಿರಿ. ಮತ್ತಲ ತನಕ ಎಕ್ಸ್‌ಪ್ರೆಸ್‌ವೇ, ಮತ್ತೆ ಮೊನರಾಗಲ, ಪೊತ್ತುವಿಲ್ ದಾರಿ. ವ್ಯಾನಿನಲ್ಲಿ ಐದಾರು ಗಂಟೆ.

ಕಾಪು_ದೀಪ: ಒಂದು ಸೇರಿಸ್ತೇನೆ. ಹೆಸರು ಕೇಳಿ ಸೀದಾ ಅರುಗಂ ಬೇಯ ಮೈನ್ ಪಾಯಿಂಟಿಗೆ ಇಳಿಯಬೇಡಿ. ತಳದಲ್ಲಿ ಹವಳದ ಕಲ್ಲು, ಜನವೂ ಜಾಸ್ತಿ. ನಿಮಗೆ ಬೇಬಿ ಪಾಯಿಂಟ್, ಇಲ್ಲವೇ ಬಡಗಿನ ವಿಸ್ಕಿ ಪಾಯಿಂಟ್. ಕೈ ಕುದುರಿದ ಮೇಲೆ ತೆಂಕಿನ ಪೀನಟ್ ಫಾರ್ಮ್. ಎಲ್ಲವೂ ಬಲಕ್ಕೆ ಓಡುವ ಅಲೆಗಳೇ. ಸಸಿಹಿತ್ಲುವಿನ ಹಾಗೆ ಎಲ್ಲೆಂದರಲ್ಲಿ ಕೂತರೆ ಸಿಗುದಿಲ್ಲ, ಅಲೆ ಮುರಿಯಲು ಶುರುವಾಗುವ ಜಾಗದಲ್ಲೇ ಸರದಿ ಕಾಯಬೇಕು.

ಇನ್ನು ಬೋರ್ಡ್. 6'2" ಶಾರ್ಟ್‌ಬೋರ್ಡ್ ಅಂದರೆ ಗಾತ್ರ 30 ಲೀಟರ್ ಆಸುಪಾಸು. ಕಲಿಯುವವರಿಗೆ ಒಂದು ಕಿಲೋಗೆ ಒಂದು ಲೀಟರ್ ಅಂತ ಲೆಕ್ಕ ಹಿಡಿದರೆ ನಿಮಗೆ 70ರ ಮೇಲೆ ಬೇಕು. 30ರಲ್ಲಿ ಎಷ್ಟು ಕೈ ಬೀಸಿದರೂ ಅಲೆಯ ವೇಗ ಹಿಡಿಯಲಿಕ್ಕೆ ಆಗುದಿಲ್ಲ. ನಾಳೆಯೇ 8 ಅಡಿಯ ಸಾಫ್ಟ್‌ಟಾಪಿಗೆ (ಮೇಲ್ಮೈ ಮೆತ್ತಗಿರುವ ಬೋರ್ಡಿಗೆ) ಬದಲಿಸಿ, ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಕೂಡ 8 ಅಡಿಯದ್ದೇ ಇರಲಿ.

ಮುಕ್ಕ_ಕಡಲು: ರೂಮಿನ ದುಡ್ಡು ವಾಪಸ್ ಕೊಡುದಿಲ್ಲವಂತೆ, ನಾಡಿದ್ದಿನ ತನಕ ಇಲ್ಲೇ. ಅಷ್ಟರವರೆಗೆ ಎಂತ ಮಾಡುದು?

ಅಳಿವೆಬಾಗಿಲು: ಬೆಳಿಗ್ಗೆ ಆರಕ್ಕೆ, ಗಾಳಿ ಜೋರಾಗುವ ಮೊದಲು, ಕೊಲ್ಲಿಯೊಳಗೆ ಗಾಳಿಗೆ ಮರೆ ಇರುವ ಕಡೆ ನೋಡಿ. ಸೊಂಟದ ನೀರಿನಲ್ಲಿ, ಮುರಿದ ನೊರೆಯಲ್ಲೇ ಏಳುವ ಅಭ್ಯಾಸ ಮಾಡಿ. ಹೊರಗಿನ ಸಾಲಿಗೆ ಹೋಗಬೇಡಿ. ಎರಡು ನೊರೆಗಳ ನಡುವೆ ಸಪಾಟಾದ ಕಂದು ನೀರಿನ ಓಣಿ ಕಂಡರೆ ಅದು ಹೊರಗೆ ಎಳೆಯುವ ಸೆಳೆತ, ಇಳಿಯಲು ಸುಲಭದ ದಾರಿ ಅಂದುಕೊಳ್ಳಬೇಡಿ. ಸಿಕ್ಕಿಬಿದ್ದರೆ ದಡಕ್ಕೆ ಸಮಾನಾಂತರವಾಗಿ ಪ್ಯಾಡಲ್ ಮಾಡಿ, ಬೋರ್ಡ್ ಬಿಡಬೇಡಿ.

ಕಾಪು_ದೀಪ: ಬೋರ್ಡ್ ಗಟ್ಟಿಯದ್ದೇ ಸಿಕ್ಕಿದರೆ ತಗೊಳ್ಳುವ ಮುಂಚೆ ಹಿಂಗಾಲು ಊರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಾಗಿದ್ದರೆ, ಫಿನ್ (ಬೋರ್ಡಿನ ಅಡಿಯ ರೆಕ್ಕೆ) ಕೂರುವ ಬಾಕ್ಸಿನ ಸುತ್ತ ಕೂದಲೆಳೆಯಷ್ಟು ಬಿರುಕಿದ್ದರೆ, ಬಾಲದ ಹತ್ತಿರ ಹಳದಿ ಕಲೆ ಇದ್ದರೆ ಒಳಗಿನ ಫೋಮ್ ನೀರು ಕುಡಿದಿರುವ ಸಾಧ್ಯತೆ ಜಾಸ್ತಿ, ಬೇಡ ಅನ್ನಿ. ಫಿನ್ ಅಲ್ಲಾಡಿದರೆ 3/32 ಇಂಚಿನ ಅಲೆನ್ ಕೀ ಕೇಳಿ ಬಿಗಿ ಮಾಡಿ, ಹಿಡಿದಷ್ಟೇ ಸಾಕು, ಜಾಸ್ತಿ ತಿರುಗಿಸಿದರೆ ಸ್ಕ್ರೂವಿನ ತಲೆ ಸವೆದು ಹೋಗ್ತದೆ. ಎರಡೂ ಬದಿ, ಮೂಗು, ಬಾಲದ ಫೋಟೋವನ್ನು ಅಂಗಡಿಯವರ ಎದುರಿನಲ್ಲೇ ತೆಗೆದುಕೊಳ್ಳಿ. ವಾಪಸ್ ಕೊಡುವಾಗ ಹಳೆ ಬಿರುಕಿಗೂ ಬಿಲ್ ಹಾಕುವವರು ಇದ್ದಾರೆ.