ಬೇಚರಾಕ್, ಹಾಳೂರು, ಮುಳುಗಡೆ: ಕಲ್ಪನೆಯ ನಾಡಿಗೆ ಯಾವುದು ಹೊಂದುತ್ತದೆ?

ಎಲ್ಲರಿಗೂ ಶರಣು. ವಿಜಯಪುರದಿಂದ ಬರೆಯುತ್ತಿದ್ದೇನೆ. ಒಂದು ಫ್ಯಾಂಟಸಿ ಕಾದಂಬರಿ ಕೈಯಲ್ಲಿದೆ. ನಾಡು ಪೂರಾ ಕಲ್ಪನೆಯದು. ಅಲ್ಲಿ ಜನ ಬಿಟ್ಟುಹೋದ ಊರುಗಳೇ ಜಾಸ್ತಿ, ಕಥೆ ನಡೆಯುವುದೂ ಅವುಗಳ ನಡುವೆ. ಅಂಥ ಊರಿಗೆ ಆ ನಾಡಿನವರು ಏನನ್ನಬೇಕು? ಇದೇ ನನ್ನ ಪ್ರಶ್ನೆ.

ಮೊದಲು ಹೊಳೆದದ್ದು ‘ಬೇಚರಾಕ್’. ಕಂದಾಯದ ಹಳೇ ಕಾಗದ ತಿರುವಿದವರಿಗೆ ಈ ಪದ ಗೊತ್ತು. ಊರಿಗೆ ಹೆಸರಿದೆ, ಗಡಿ ಇದೆ, ಸರ್ವೆ ನಂಬರ್ ಇವೆ, ಆದರೆ ಜನ ಇಲ್ಲ. ಅದು ಬೇಚರಾಕ್ ಗ್ರಾಮ. ಪಾರಸಿಯಲ್ಲಿ ‘ಬೇ’ ಅಂದರೆ ಇಲ್ಲದ, ‘ಚಿರಾಗ್’ ಅಂದರೆ ದೀಪ. ದೀಪವಿಲ್ಲದ ಊರು. ನಾವು ದಿನಾ ಆಡುವ ಬೇವಾರ್ಸಿ, ಬೇಕಾರ್ ಇವುಗಳಲ್ಲೂ ಇರುವುದು ಇದೇ ‘ಬೇ’. ಲೆಕ್ಕ ಬರೆಯುವವರ ದಫ್ತರದಲ್ಲಿ ಇಂಥ ಪದ ಇದೆಯಲ್ಲ ಅಂತ ನನಗೆ ಪ್ರತಿ ಸಲವೂ ಸೋಜಿಗವಾಗುತ್ತದೆ. ಊರು ಇದೆಯೋ ಇಲ್ಲವೋ ಅನ್ನುವುದನ್ನು ಸಂಜೆಯ ದೀಪದಿಂದ ಅಳೆದಿದ್ದಾರೆ. ಕನ್ನಡಕ್ಕೂ ಇದು ಹೊರಗಿನ ಯೋಚನೆ ಏನಲ್ಲ. ವಂಶ ನಿಂತ ಮನೆಗೆ ‘ದೀಪ ಹಚ್ಚೋರೂ ಇಲ್ಲ’ ಅನ್ನುತ್ತೇವೆ, ಅಲ್ವಾ?

ಆದರೆ ಬೇಚರಾಕ್ ಕಾಗದದ ಪದ. ಹೊಲಕ್ಕೆ ಹೋಗುವವರ ಬಾಯಲ್ಲಿ ಅದು ‘ಹಾಳೂರು’. ಮನೆಗಳು ಬಿದ್ದು ಮಣ್ಣಾಗಿರುತ್ತವೆ. ಎಷ್ಟೋ ಕಡೆ ಹನುಮಪ್ಪನ ಗುಡಿ ಮಾತ್ರ ಉಳಿದಿರುತ್ತದೆ, ಪಕ್ಕದ ಊರಿನವರು ಬಂದು ಎಣ್ಣೆ ಹಾಕಿ ಹೋಗುತ್ತಾರೆ. ಹಾಗಾದರೆ ಅಲ್ಲಿ ದೀಪ ಇದ್ದಂತಾಯಿತು. ಬೇಚರಾಕ್ ಅಂತ ಬರೆದ ಊರಲ್ಲಿ ಒಂದು ದೀಪ ಉರಿಯುತ್ತಿದೆ! ನನ್ನ ಕಥೆಯ ಎಳೆ ಸಿಕ್ಕಿದ್ದೇ ಇಲ್ಲಿ.

‘ಹಾಳೂರು’ ಪದವನ್ನೂ ಸ್ವಲ್ಪ ಕೆದಕಬೇಕು. ‘ಹಾಳು’ ಹಳಗನ್ನಡದಲ್ಲಿ ‘ಪಾೞ್’. ಮುಂದೆ ಪಕಾರ ಹಕಾರವಾಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ೞ ಅನ್ನುವ ಅಕ್ಷರ, ರಳ ಅನ್ನುತ್ತಾರಲ್ಲ ಅದು, ಹೆಚ್ಚಿನ ಕಡೆ ಳ ಆಯಿತು. ಮುಂದೆ ವ್ಯಂಜನ ಬಂದಾಗ ಅದರಲ್ಲೇ ಕರಗಿತು. ಬಿೞ್ದು ಬಿದ್ದು ಆದದ್ದು, ಪೊೞ್ತು ಹೊತ್ತು ಆದದ್ದು ಹೀಗೆ. ನಾಡು ಕಟ್ಟುವವರಿಗೆ ಇದು ದೊಡ್ಡ ಆಸ್ತಿ. ಹಳೇ ಹೆಸರೊಂದನ್ನು ಮಾಡಿಕೊಂಡು ಇದೇ ನಿಯಮದಲ್ಲಿ ಸವೆಸಿದರೆ ಹೊಸ ಹೆಸರು ತಾನಾಗಿ ಬರುತ್ತದೆ. ಓದುಗರಿಗೆ ನಿಯಮ ಗೊತ್ತಿರಬೇಕಾಗಿಲ್ಲ. ಕಿವಿ ಒಪ್ಪುತ್ತದೆ.

ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನ ಹಳೇ ಹೆಸರು ಕಿಸುವೊಳಲ್. ಕಿಸು ಅಂದರೆ ಕೆಂಪು, ಪೊೞಲ್ ಅಂದರೆ ಪಟ್ಟಣ. ಅಲ್ಲಿನ ಗುಡ್ಡ ನೋಡಿದವರಿಗೆ ಕೆಂಪು ಯಾಕೆ ಅಂತ ಹೇಳಬೇಕಾಗಿಲ್ಲ. ನಮ್ಮದು ಎರಿ ನೆಲ. ಡೋಣಿ ಹೊಳೆಯ ದಂಡೆಯ ಕರಿ ಮಣ್ಣನ್ನು ನೆನೆದು ಅದೇ ಅಚ್ಚಿನಲ್ಲಿ ನಾನೊಂದು ಹೆಸರು ಮಾಡಿದೆ: ಕರ್ವೊೞಲ್. ಅದು ಜನರ ಬಾಯಲ್ಲಿ ಕರ್ವೊಳಲು, ಆಮೇಲೆ ಕರೋಳ. ಕೊನೆಗೆ ದಫ್ತರಿಗೆ ಬಂದು ‘ಮೌಜೆ ಕರೋಳ, ಬೇಚರಾಕ್’ ಆಗಿ ಕೂತಿತು (ಮೌಜೆ ಅಂದರೆ ಕಂದಾಯ ಲೆಕ್ಕದ ಗ್ರಾಮ). ಇಷ್ಟರಲ್ಲೇ ಸಾವಿರ ವರ್ಷ ಕಳೆದುಹೋಯಿತು. ಇತಿಹಾಸ ಅಂತ ಬೇರೆ ಅಧ್ಯಾಯ ಬರೆಯುವ ಕೆಲಸ ಉಳಿಯಲಿಲ್ಲ. ಅಂಧಕಪುರಿ, ಮಾಯಾದುರ್ಗ ಥರದ ಹೆಸರುಗಳು ನನಗೆ ಬೇಡವಾದದ್ದು ಇದಕ್ಕೇ. ಅವು ನಿನ್ನೆ ಹುಟ್ಟಿದವು ಅಂತ ಮೇಲೇ ಕಾಣುತ್ತದೆ.

ಅರಸರು ಇಡುವ ಹೆಸರಿನ ರೀತಿ ಬೇರೆ. ಇಲ್ಲೇ ತೊರವಿ ಹತ್ತಿರ ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಹೊಸ ನಗರ ಕಟ್ಟಿಸಲು ಶುರು ಮಾಡಿದ. ಹೆಸರು ನೌರಸಪುರ. ಆತನಿಗೆ ಸಂಗೀತದ ಹುಚ್ಚು, ‘ನೌರಸ’, ಅಂದರೆ ನವರಸ, ಅನ್ನುವ ಪದದ ಹುಚ್ಚು. ಊರಿಗೆ ಅದೇ ಹೆಸರು, ನಾಣ್ಯಕ್ಕೆ ಅದೇ, ಹಬ್ಬಕ್ಕೂ ಅದೇ. ನನ್ನ ಮಟ್ಟಿಗೆ ಅದು ಮನಸ್ಸಿನೊಳಗಿನ ಲೋಕವನ್ನು ಕಲ್ಲು ಗಾರೆಯಲ್ಲಿ ನಿಲ್ಲಿಸುವ ಕೆಲಸ. 1624ರಲ್ಲಿ ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿತು. ಕಟ್ಟಲು ಶುರುವಾಗಿ 25 ವರ್ಷಕ್ಕೆ ಹಾಳು. ಈಗ ಸಂಗೀತ ಮಹಲಿನ ಗೋಡೆಗಳಿವೆ, ಜನ ‘ನವರಸಪುರ’ ಅನ್ನುತ್ತಾರೆ. ಅರಸ ಇಟ್ಟ ಹೆಸರು ಕನ್ನಡದವರ ಬಾಯಲ್ಲಿ ಮತ್ತೆ ನವರಸವೇ ಆಯಿತು ನೋಡಿ.

ಅಂದರೆ ಒಂದೇ ಊರಿಗೆ ಮೂರು ಬಾಯಿಗಳಿಂದ ಹೆಸರು ಬರುತ್ತದೆ: ದುಡಿಯುವವರದು, ದಫ್ತರದ್ದು, ಅರಸರದು. ನಕಾಶೆ ಬರೆದು ಗುಡ್ಡ ಹೊಳೆ ತುಂಬುವುದಕ್ಕಿಂತ ಈ ಮೂರು ಬಾಯಿ ಸಿದ್ಧವಾದರೆ ನಾಡು ಬೇಗ ನಿಲ್ಲುತ್ತದೆ ಅಂತ ನನ್ನ ಬಲವಾದ ನಂಬಿಕೆ. ಯಾರು ಯಾವ ಹೆಸರು ಹೇಳುತ್ತಾರೆ ಅನ್ನುವುದರಲ್ಲೇ ಅವರು ಎಲ್ಲಿಯವರು, ಯಾರ ಕಡೆಯವರು ಅಂತ ತಿಳಿಯುತ್ತದೆ.

ಇನ್ನು ನನಗೆ ಬೇಕಾದದ್ದು ಕೇಳುತ್ತೇನೆ.

ಬೆಳಗಾವಿ ಕಡೆಯವರು ಹೇಳಿ: ಮರಾಠಿಯಲ್ಲಿ ಬಿಕೋ ಅನ್ನುವ ಊರಿಗೆ ‘ಓಸಾಡ’ ಅನ್ನುತ್ತಾರೆ. ಗಡಿ ಹಳ್ಳಿಗಳ ಕನ್ನಡದಲ್ಲಿ ಅದು ಬಳಕೆಯಲ್ಲಿದೆಯೇ, ಅಥವಾ ಅಲ್ಲೂ ಹಾಳೂರೇ?

ಬಾಗಲಕೋಟೆಯವರಿಗೆ ಇನ್ನೊಂದು. ಆಲಮಟ್ಟಿ ಹಿನ್ನೀರಿಗೆ ಹಳೇ ಪಟ್ಟಣದ ಎಷ್ಟೋ ಓಣಿಗಳು ಹೋದವು, ಜನ ನವನಗರದ ಸೆಕ್ಟರ್‌ಗಳಿಗೆ ಬಂದರು. ಆ ಓಣಿಗಳನ್ನು ಯಾರೂ ಹಾಳೂರು ಅನ್ನುವುದನ್ನು ನಾನು ಕೇಳಿಲ್ಲ. ‘ಮುಳುಗಡೆ’ ಅನ್ನುತ್ತಾರೆ. ‘ನಮ್ಮ ಮನಿ ಮುಳುಗಡಿಗೆ ಹೋತ್ರೀ’ ಅಂದಾಗ ಅದು ಕೆಲಸದ ಹೆಸರೋ, ಜಾಗದ ಹೆಸರೋ? ‘ಮುಳುಗಡೆಯಾಗ ನಮ್ಮ ಹೊಲ ಇತ್ತು’ ಅಂತ ಜಾಗವಾಗಿ ಬಳಸುವುದುಂಟೇ? ಬಳಸಿದರೆ ನನ್ನ ನಾಡಿನ ಒಂದು ಸೀಮೆಗೆ ‘ಮುಳುಗಡೆ’ ಅಂತಲೇ ಹೆಸರಿಡುತ್ತೇನೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುವ ಗೋಡೆ, ಗುಡಿಗಳಿಗೆ ಬೇರೆ ಪದ ಇದ್ದರೆ ಅದೂ ಬೇಕು.

ಕಲ್ಪನೆಯ ನಾಡು ಕಟ್ಟುವ ಈ ಕೆಲಸಕ್ಕೆ ‘ಲೋಕಕಟ್ಟಣೆ’ ಅಂದರೆ ನಡೆಯುತ್ತದೆಯೇ? ‘ಕಟ್ಟುಲೋಕ’ ಅಂದರೆ ‘ಕಟ್ಟುಕಥೆ’ಯ ಸುಳ್ಳಿನ ನೆರಳು ಬರುತ್ತದೆ, ಅದು ನನಗೆ ಬೇಡ.

ಕೊನೆಗೆ ಬರವಣಿಗೆಯ ಪ್ರಶ್ನೆ. ಬೇಚರಾಕ್, ಬೇಚರಾಖ, ಬೇಚಿರಾಗ್ ಇವುಗಳಲ್ಲಿ ನಿಮ್ಮ ಊರಿನ ಹಳೇ ಕಾಗದಗಳಲ್ಲಿ ಯಾವುದಿದೆ? ಪದದ ಜೊತೆ ಅದು ಬಂದ ಇಡೀ ಸಾಲು ಬರೆದು ಕಳಿಸಿದರೆ ಉಪಕಾರ. ನನ್ನ ಕಥೆಯ ದಫ್ತರದವನು ಅದೇ ಧಾಟಿಯಲ್ಲಿ ಬರೆಯಬೇಕು.